ಚೀನಾದ ಯುದ್ಧಚಿತ್ರಗಳನ್ನು ತೂಗಿ ನೋಡುವುದು ಹೇಗೆ: ‘ರೆಡ್ ಕ್ಲಿಫ್’ ಮುಂದಿಟ್ಟುಕೊಂಡು ಒಂದು ಕೈಪಿಡಿ

ಪರದೆ ತುಂಬ ಸೈನಿಕರು, ನದಿ ತುಂಬ ಹಡಗು, ಆಕಾಶ ಮುಚ್ಚುವಷ್ಟು ಬಾಣ. ಸಿನಿಮಾದಲ್ಲಿ ಈಗ ಇವೇ ಎಲ್ಲಕ್ಕಿಂತ ಅಗ್ಗದ ಸರಕು. ಕಂಪ್ಯೂಟರಿನಲ್ಲಿ ನೂರು ಜನರನ್ನು ನಡೆಸಲು ಬಂದವರಿಗೆ ಲಕ್ಷ ಜನರನ್ನು ನಡೆಸುವುದು ಮಹಾ ಕಷ್ಟವೇನಲ್ಲ. ಹಾಗಾಗಿ ಚೀನಾದ ಐತಿಹಾಸಿಕ ಯುದ್ಧಚಿತ್ರವನ್ನು ತೂಗಲು ಕೂತಾಗ ‘ಎಷ್ಟು ದೊಡ್ಡದು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮೂರು ಮಾತು ಕೇಳಿ. ಯಾರು ಎಲ್ಲಿ ನಿಂತಿದ್ದಾರೆ? ಏನು ಮಾಡಲು ಹೊರಟಿದ್ದಾರೆ? ಅದಕ್ಕೆ ಬೆಲೆ ತೆತ್ತವರು ಯಾರು? ಕಾಳಗ ನಡೆಯುತ್ತಿರುವಾಗಲೇ ಈ ಮೂರಕ್ಕೂ ಉತ್ತರ ಸಿಗುತ್ತಿದ್ದರೆ ದಂಡಿಗೆ ಸುರಿದ ದುಡ್ಡು ದಂಡವಾಗಿಲ್ಲ.

ಅಭ್ಯಾಸಕ್ಕೆ ಜಾನ್ ವೂ ನಿರ್ದೇಶನದ ‘ರೆಡ್ ಕ್ಲಿಫ್’ ತೆಗೆದುಕೊಳ್ಳೋಣ. ಮೊದಲ ಭಾಗ 2008ರ ಜುಲೈನಲ್ಲಿ, ಎರಡನೆಯದು 2009ರ ಜನವರಿಯಲ್ಲಿ ತೆರೆಕಂಡವು. ಖರ್ಚು ಸುಮಾರು 8 ಕೋಟಿ ಡಾಲರ್. ಏಷ್ಯಾದವರೇ ಹಣ ಹಾಕಿ ಮಾಡಿದ ಚಿತ್ರಗಳಲ್ಲಿ ಅಂದಿಗೆ ಅದೇ ದುಬಾರಿ. ಕ್ರಿ.ಶ. 208ರಲ್ಲಿ ಯಾಂಗ್ಜಿ ನದಿಯ ಮೇಲೆ ನಡೆದ ಚಿಬಿ (ಕೆಂಪು ಬಂಡೆ, ಅಂದರೆ ರೆಡ್ ಕ್ಲಿಫ್) ಕಾಳಗ ಇದರ ವಸ್ತು. ಉತ್ತರದಿಂದ ದಂಡೆತ್ತಿ ಬಂದ ಚಾವ್ ಚಾವ್‌ನನ್ನು ದಕ್ಷಿಣದಲ್ಲಿ ಸುನ್ ಚುವಾನ್ ಮತ್ತು ಲಿಯು ಬೇ ಒಂದಾಗಿ ಎದುರಿಸಿದ ಕಾಳಗ ಅದು. ಹುಳುಕೂ ಹೊಳಪೂ ಎರಡೂ ಧಾರಾಳವಾಗಿ ಇರುವುದರಿಂದ ಕಲಿಯಲು ಇಷ್ಟು ಒಳ್ಳೆಯ ಚಿತ್ರ ಇನ್ನೊಂದಿಲ್ಲ.

1. ಮೊದಲು ನಿಮಿಷ ಎಣಿಸಿ

ನೋಡಲು ಕೂರುವ ಮುನ್ನ ಚಿತ್ರದ ಅವಧಿ ನೋಡಿ. ‘ರೆಡ್ ಕ್ಲಿಫ್’ ಮೊದಲ ಭಾಗ 146 ನಿಮಿಷ, ಎರಡನೆಯದು 142. ಪಶ್ಚಿಮದ ದೇಶಗಳಿಗಾಗಿ ಎರಡನ್ನೂ ಕತ್ತರಿಸಿ ಹೊಲಿದು 148 ನಿಮಿಷದ ಒಂದೇ ಚಿತ್ರ ಮಾಡಿದರು. ಎಡವಟ್ಟಾಗುವುದು ಇಲ್ಲೇ. 146ಕ್ಕೂ 148ಕ್ಕೂ ಎರಡೇ ನಿಮಿಷದ ಅಂತರ ಇರುವುದರಿಂದ ಕತ್ತರಿಸಿದ್ದನ್ನೇ ಮೊದಲ ಭಾಗ ಅಂದುಕೊಂಡು ನೋಡುವವರಿದ್ದಾರೆ. ಗುರುತು ಸುಲಭ: ನೀವು ನೋಡುತ್ತಿರುವ ಒಂದೇ ಚಿತ್ರದೊಳಗೆ ನದಿಯ ಮೇಲಿನ ಬೆಂಕಿ ಕಾಳಗ ಬಂದುಹೋದರೆ ಅದು ಕತ್ತರಿ ಬಿದ್ದ ಪ್ರತಿ. ಮೊದಲ ಭಾಗ ಆ ಬೆಂಕಿಗೆ ಮುಂಚೆಯೇ ನಿಲ್ಲುತ್ತದೆ.

ಇದನ್ನು ಮೊದಲ ಹೆಜ್ಜೆಯಾಗಿ ಇಟ್ಟಿದ್ದಕ್ಕೆ ಕಾರಣ ಉಂಟು. ಯುದ್ಧಚಿತ್ರವನ್ನು ಕತ್ತರಿಸುವವರು ಕಾಳಗ ಮುಟ್ಟುವುದಿಲ್ಲ, ಟ್ರೇಲರಿಗೆ ಅದೇ ಬೇಕು. ಕತ್ತರಿ ಬೀಳುವುದು ಅಡುಗೆ, ರೋಗ, ಕಾಲಾಳುಗಳ ಹರಟೆ, ಸೇನಾಪತಿಗಳ ಹಿಂದುಮುಂದು ನೋಡುವಿಕೆ ಇಂಥವಕ್ಕೆ. ಆಮೇಲೆ ನೋಡಿದವರು ‘ಬರೀ ಹೊಡೆದಾಟ, ಪಾತ್ರಗಳೇ ಇಲ್ಲ’ ಎನ್ನುತ್ತಾರೆ. ತಪ್ಪು ನಿರ್ದೇಶಕನದೋ ಕತ್ತರಿಯದೋ ಎಂಬುದು ಪ್ರತಿ ಯಾವುದೆಂದು ತಿಳಿಯದೆ ಹೇಳಲಾಗದು.

ಮಾತು ಚೀನೀ ಭಾಷೆಯಲ್ಲೇ ಇರಲಿ, ಕೆಳಗೆ ಸಬ್‌ಟೈಟಲ್ ಇರಲಿ. ಡಬ್ಬಿಂಗ್‌ನಲ್ಲಿ ರಾಜನೂ ಕುದುರೆ ಕಾಯುವವನೂ ಒಂದೇ ದನಿಯಲ್ಲಿ ಗುಡುಗುತ್ತಾರೆ. ಸಬ್‌ಟೈಟಲನ್ನೂ ಕಣ್ಣುಮುಚ್ಚಿ ನಂಬಬೇಡಿ. ಝಾಂಗ್ ಯಿಮೌ ನಿರ್ದೇಶನದ ‘ಹೀರೋ’ 2002ರದು, ಕ್ರಿ.ಪೂ. 3ನೇ ಶತಮಾನದ ಚಿನ್ ರಾಜನನ್ನು ಕೊಲ್ಲಲು ಹೊರಟವರ ಕಥೆ. ಕೊನೆಯಲ್ಲಿ ಬರುವ ‘ತಿಯೆನ್‌ಶಿಯಾ’ ಎಂಬ ಮಾತಿಗೆ ‘ಆಕಾಶದ ಕೆಳಗಿರುವುದೆಲ್ಲ’ ಎಂದರ್ಥ. ಅಮೆರಿಕದ ಬಿಡುಗಡೆಯಲ್ಲಿ ಅದು ‘ನಮ್ಮ ನಾಡು’ ಎಂದಾಯಿತು. ಚಿತ್ರದ ರಾಜಕೀಯ ನಿಂತಿರುವುದೇ ಆ ಒಂದು ಮಾತಿನ ಮೇಲೆ.

2. ಹೆಸರಿನ ಚೀಟಿ

ಒಂದು ಕಾಗದದಲ್ಲಿ ಎಂಟು ಹೆಸರು ಬರೆದಿಟ್ಟುಕೊಳ್ಳಿ, ಹೆಚ್ಚು ಬೇಡ. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ: ಚಾವ್ ಚಾವ್‌ನಲ್ಲಿ ಮೊದಲ ‘ಚಾವ್’ ಮನೆತನ, ಸುನ್ ಚುವಾನ್‌ನಲ್ಲಿ ‘ಸುನ್’ ಮನೆತನ. ತೊಡಕಿರುವುದು ಗೌರವನಾಮದಲ್ಲಿ. ಹಳೆಯ ಕಾಲದ ಚೀನಾದಲ್ಲಿ ಪ್ರಾಯಕ್ಕೆ ಬಂದ ಗಂಡಸಿಗೆ ಇನ್ನೊಂದು ಹೆಸರಿಡುತ್ತಿದ್ದರು, ಸರೀಕರು ಕರೆಯುವುದು ಅದರಿಂದಲೇ. ಲಿಯು ಬೇಗೆ ಯುದ್ಧದ ಉಪಾಯ ಹೇಳುವ ಝುಗೆ ಲಿಯಾಂಗ್ ಎಂಬವನೇ ಕೊಂಗ್‌ಮಿಂಗ್, ಝಾವ್ ಯುನ್ ಎಂಬವನೇ ಝಿಲೊಂಗ್, ಸುನ್ ಚುವಾನ್‌ನ ಸೇನಾಪತಿ ಝೌ ಯು ಎಂಬವನೇ ಗೊಂಗ್‌ಜಿನ್, ಚಾವ್ ಚಾವ್ ಎಂಬವನೇ ಮೆಂಗ್‌ದೆ. ಪಾರ್ಥ, ಧನಂಜಯ, ಕಿರೀಟಿ ಎಲ್ಲ ಒಬ್ಬನೇ ಎಂದು ತಿಳಿದು ಬೆಳೆದ ನಮಗೆ ಇದು ಹೊಸದಲ್ಲ. ಆದರೂ ಚೀಟಿ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ನಾಲ್ವರು ಎಂಟು ಜನರಾಗುತ್ತಾರೆ.

ಧ್ವಜಗಳ ಮೇಲೂ ಕಣ್ಣಿಡಿ. ಅವುಗಳ ಮೇಲೆ ದೊಡ್ಡದಾಗಿ ಬರೆದಿರುವ ಒಂಟಿ ಅಕ್ಷರ ಸಾಮಾನ್ಯವಾಗಿ ಸೇನಾಪತಿಯ ಮನೆತನದ ಹೆಸರು. ಓದಲು ಬರಬೇಕಿಲ್ಲ, ಆಕಾರ ನೆನಪಿದ್ದರೆ ಸಾಕು. ಒಳ್ಳೆಯ ನಿರ್ದೇಶಕ ಧೂಳಿನ ನಡುವೆಯೂ ಧ್ವಜದಿಂದ ದಾರಿ ತೋರಿಸುತ್ತಾನೆ.

3. ಕಥೆ ಎಲ್ಲಿಂದ ಬಂತು ಎಂದು ವಿಂಗಡಿಸಿ

ಚೀನಾ ಮೂರು ರಾಜ್ಯಗಳಾಗಿ ಒಡೆದ ಕಾಲದ ಕಥೆಗಳಿಗೆ, ಚಿಬಿ ಕಾಳಗದ್ದೂ ಸೇರಿ, ಎರಡು ಬೇರು. ಒಂದು, ಕಾಳಗ ನಡೆದ ಶತಮಾನದಲ್ಲೇ ಚೆನ್ ಶೌ ಬರೆದ ಇತಿಹಾಸ. ಇನ್ನೊಂದು, ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ರೂಪುಗೊಂಡ, ಲುವೊ ಗುವಾನ್‌ಝೊಂಗ್ ಹೆಸರಿನಲ್ಲಿರುವ ಕಾದಂಬರಿ. ಇವೆರಡರ ಮೇಲೆ ಚೀನೀ ರಂಗಭೂಮಿಯ ಬಣ್ಣ ಬೇರೆ. ಜಾನ್ ವೂ ತಾನು ಇತಿಹಾಸದ ಕಡೆಗೆ ವಾಲುತ್ತೇನೆ ಎಂದರೂ ಚಿತ್ರದಲ್ಲಿ ಮೂರೂ ಬೆರೆತಿವೆ.

ಹೀಗೆ ವಿಂಗಡಿಸಬಹುದು. ಸುನ್ ಚುವಾನ್ ಕಡೆಯ ಹುವಾಂಗ್ ಗಾಯ್ ಎಂಬ ಹಿರಿಯ ದಳಪತಿ ಶರಣಾಗುವ ನಾಟಕವಾಡಿ ಬೆಂಕಿ ಹಡಗುಗಳನ್ನು ನುಗ್ಗಿಸಿದ್ದು ಇತಿಹಾಸದಲ್ಲಿದೆ. ಚಾವ್ ಚಾವ್‌ನ ದಂಡಿನಲ್ಲಿ ರೋಗ ಹರಡಿದ್ದೂ ಅಲ್ಲೇ ಇದೆ. ಹುಲ್ಲಿನ ಬೊಂಬೆ ತುಂಬಿದ ದೋಣಿಗಳನ್ನು ಮಂಜಿನಲ್ಲಿ ಕಳಿಸಿ ಶತ್ರುವಿನಿಂದಲೇ ಒಂದು ಲಕ್ಷ ಬಾಣ ಗಿಟ್ಟಿಸುವ ಉಪಾಯ ಕಾದಂಬರಿಯ ಕೊಡುಗೆ. ಸುನ್ ಚುವಾನ್‌ನ ತಂಗಿ ಇತಿಹಾಸದಲ್ಲಿ ‘ಸುನ್ ಮನೆಯ ಹೆಂಗಸು’ ಮಾತ್ರ, ಶಾಂಗ್‌ಶಿಯಾಂಗ್ ಎಂಬ ಹೆಸರು ರಂಗಭೂಮಿ ಇಟ್ಟದ್ದು. ಅವಳು ಗಂಡುವೇಷದಲ್ಲಿ ಶತ್ರುವಿನ ಬೀಡಿಗೆ ನುಗ್ಗುವುದು ಚಿತ್ರದ್ದೇ ಸೃಷ್ಟಿ.

ಸೈನ್ಯದ ಲೆಕ್ಕಕ್ಕೂ ಇದೇ ಜರಡಿ ಹಿಡಿಯಿರಿ. ಚಾವ್ ಚಾವ್ ಕೊಚ್ಚಿಕೊಂಡದ್ದು 8 ಲಕ್ಷ. ಝೌ ಯು ಹಾಕಿದ ಅಂದಾಜು ಎರಡೂಕಾಲು ಲಕ್ಷದ ಆಸುಪಾಸು: ಉತ್ತರದಿಂದ ಬಂದು ದಣಿದವರು ಒಂದೂವರೆ ಲಕ್ಷ ಚಿಲ್ಲರೆ, ಹೊಸದಾಗಿ ಸೋತು ಸೇರಿಕೊಂಡವರು ಎಪ್ಪತ್ತು ಎಂಬತ್ತು ಸಾವಿರ. ಎದುರಾಳಿಗಳು ಹೆಚ್ಚೆಂದರೆ 50 ಸಾವಿರ. ಗಮನಿಸಬೇಕಾದ್ದು ಏನೆಂದರೆ ಝೌ ಯು ಎಣಿಸಿದ್ದು ತಲೆಗಳನ್ನಷ್ಟೇ ಅಲ್ಲ. ಯಾರಿಗೆ ನೀರಿನ ಮೇಲೆ ಕಾಳಗ ಬಾರದು, ಯಾರ ಕುದುರೆಗೆ ಚಳಿಗಾಲದಲ್ಲಿ ಮೇವಿಲ್ಲ, ಯಾರ ನಿಷ್ಠೆ ಇನ್ನೂ ಹಸಿ ಎಂದೂ ಎಣಿಸಿದ. ಚಿತ್ರವೂ ಹೀಗೆ ಎಣಿಸಿ ತೋರಿಸುತ್ತದೆಯೇ, ಅಥವಾ ಬರೀ 8 ಲಕ್ಷ ಎಂದು ಬಾಯಿ ತೆರೆಸುತ್ತದೆಯೇ ಎಂದು ನೋಡಿ.

ಇತಿಹಾಸದಲ್ಲಿ ಇಲ್ಲದ್ದನ್ನು ಸೇರಿಸಿದ ಮಾತ್ರಕ್ಕೆ ಅಂಕ ಕಳೆಯಬೇಡಿ. ಸೇರಿಸಿದ್ದು ಕೆಲಸ ಮಾಡುತ್ತಿದೆಯೇ ಎಂಬುದಷ್ಟೇ ಮುಖ್ಯ.

4. ಕಾಳಗವನ್ನು ಕಾಗದದ ಮೇಲೆ ಇಳಿಸಿ

ಮೊದಲ ಸಲ ಎಲ್ಲೂ ನಿಲ್ಲಿಸದೆ ಇಡೀ ಚಿತ್ರ ನೋಡಿ ಮುಗಿಸಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕಾಳಗದ ಭಾಗ ಮಾತ್ರ ನೋಡಿ, ಇಪ್ಪತ್ತು ನಿಮಿಷ ಸಾಕು. ಮನಸ್ಸಿಗೆ ಬಂದ ಮೂರು ಕಡೆ ನಿಲ್ಲಿಸಿ. ನಿಲ್ಲಿಸಿದಾಗಲೆಲ್ಲ ಐದು ಸೆಕೆಂಡಿನೊಳಗೆ ಹೇಳಲು ಬರಬೇಕು: ನಮ್ಮವರು ಯಾವ ಕಡೆ, ಅವರು ಯಾವ ಕಡೆ, ಯಾರು ಯಾವುದನ್ನು ಹಿಡಿಯಲು ಹೊರಟಿದ್ದಾರೆ. ಮೂರರಲ್ಲಿ ಎರಡು ಸಲ ತಡವರಿಸಿದಿರೆಂದರೆ ನಿಮ್ಮ ದೋಷವಲ್ಲ, ಚಿತ್ರದ್ದು.

ಮೊದಲ ಭಾಗದ ಕೊನೆಗೆ ಬರುವ ಎಂಟು ದಿಕ್ಕಿನ ವ್ಯೂಹ ತೆಗೆದುಕೊಳ್ಳಿ. ಚಾವ್ ಚಾವ್‌ನ ಕುದುರೆ ದಂಡು ಧೂಳೆಬ್ಬಿಸಿಕೊಂಡು ಬರುತ್ತಿದೆ. ಸುನ್ ಶಾಂಗ್‌ಶಿಯಾಂಗ್ ಮತ್ತವಳ ಸವಾರರು ಕೆಣಕಿ ಓಡುತ್ತಾರೆ, ದಂಡು ಬೆನ್ನಟ್ಟುತ್ತದೆ. ಧೂಳು ಇಳಿದಾಗ ಎದುರಿಗೆ ಗುರಾಣಿಗಳ ಗೋಡೆ. ಇಲ್ಲಿ ಕ್ಯಾಮೆರಾ ಮೇಲಕ್ಕೇರುತ್ತದೆ, ಆಮೆಯ ಚಿಪ್ಪಿನಂಥ ಇಡೀ ವ್ಯೂಹ ಒಂದೇ ನೋಟದಲ್ಲಿ ಕಾಣುತ್ತದೆ, ಓಣಿಗಳು ಎಲ್ಲಿ ತೆರೆದಿವೆ ಎಂಬುದೂ ಕಾಣುತ್ತದೆ. ಕೆಳಗೆ ಕುದುರೆಯ ಮೇಲಿರುವವನಿಗೆ ಅದು ಕಾಣದು. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕಾಳಗದ ರುಚಿ ಹುಟ್ಟುವುದು ಇಲ್ಲಿಂದ. ಆಮೇಲೆ ಗುರಾಣಿಗಳು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ, ದಂಡು ತುಂಡುತುಂಡಾಗಿ ಒಳಗೆ ಸಿಕ್ಕಿಬೀಳುತ್ತದೆ. ಚಕ್ರವ್ಯೂಹದ ಕಥೆ ಕೇಳಿ ಬೆಳೆದವರಿಗೆ ಅದು ಕಣ್ಣಿಗೆ ಹೇಗೆ ಕಂಡೀತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಚಿತ್ರ ಸಿಗಲಿಕ್ಕಿಲ್ಲ.

ಹುಳುಕು ಶುರುವಾಗುವುದು ಅದರ ನಂತರ. ಲಿಯು ಬೇ ಕಡೆಯ ವೀರರಾದ ಗುವಾನ್ ಯು, ಝಾಂಗ್ ಫೇ, ಝಾವ್ ಯುನ್ ಒಬ್ಬೊಬ್ಬರಾಗಿ ಒಳಗಿಳಿದು ಪ್ರತಾಪ ತೋರಿಸುತ್ತಾರೆ. ಒಬ್ಬೊಬ್ಬ ವೀರನಿಗೂ ಬೇರೆಬೇರೆ ಸರದಿ ಕೊಡುವುದು ರಂಗಭೂಮಿಯಿಂದ ಬಂದ ಪದ್ಧತಿ, ನಮ್ಮ ಯಕ್ಷಗಾನದ ಒಡ್ಡೋಲಗದ ಹಾಗೆ; ಪದ್ಧತಿಯನ್ನು ದೂರಬೇಕಿಲ್ಲ. ಆದರೆ ಆ ಹತ್ತು ನಿಮಿಷ ವ್ಯೂಹ ಏನು ಮಾಡುತ್ತಿತ್ತು? ಗುರಾಣಿ ಹಿಡಿದವರು ಪ್ರೇಕ್ಷಕರಾಗಿ ನಿಂತುಬಿಡುತ್ತಾರೆ. ಅಷ್ಟು ಶ್ರಮಪಟ್ಟು ಕಟ್ಟಿದ ಉಪಾಯವನ್ನು ಚಿತ್ರವೇ ಮರೆಯುತ್ತದೆ. ಇಂಥಲ್ಲಿ ಅಂಕ ಕಡಿಮೆ ಮಾಡಿ.

ಎರಡನೆಯ ಭಾಗದ ಬೆಂಕಿ ಕಾಳಗಕ್ಕೆ ನಕ್ಷೆ ಇನ್ನೂ ಸುಲಭ. ನಡುವೆ ನದಿ, ಉತ್ತರ ದಡದಲ್ಲಿ ಚಾವ್ ಚಾವ್, ದಕ್ಷಿಣ ದಡದಲ್ಲಿ ಮಿತ್ರಪಡೆ, ಇವುಗಳ ಜೊತೆ ಗಾಳಿಗೆ ಒಂದು ಬಾಣದ ಗುರುತು. ಚಳಿಗಾಲದ ಗಾಳಿ ವಾಯವ್ಯದಿಂದ ಬೀಸುತ್ತದೆ, ಅಂದರೆ ದಕ್ಷಿಣದವರು ಬೆಂಕಿ ಹಚ್ಚಿದರೆ ಅದು ತಿರುಗಿ ಅವರ ಮೈಮೇಲೇ ಬರುತ್ತದೆ. ಆಗ್ನೇಯದ ಗಾಳಿ ತಿರುಗುವವರೆಗೆ ಕಾಯಬೇಕು. ಕಾದಂಬರಿಯಲ್ಲಿ ಝುಗೆ ಲಿಯಾಂಗ್ ಪೂಜೆ ಮಾಡಿ ಗಾಳಿ ತರುತ್ತಾನೆ. ಚಿತ್ರದಲ್ಲಿ ಹವಾಮಾನ ಬಲ್ಲವನಾಗಿ ಗಾಳಿ ತಿರುಗುವ ಹೊತ್ತನ್ನು ಹೇಳುತ್ತಾನೆ. ಒಳ್ಳೆಯ ಬದಲಾವಣೆ. ಪವಾಡವಾಗಿದ್ದರೆ ಕಾಯುವುದರಲ್ಲಿ ಆತಂಕವಿರುತ್ತಿರಲಿಲ್ಲ. ಧ್ವಜದ ಬಟ್ಟೆ ಯಾವ ಕಡೆ ಹಾರುತ್ತಿದೆ ಎಂದು ನಾವೂ ಸೈನಿಕರ ಜೊತೆ ತಲೆಯೆತ್ತಿ ನೋಡುತ್ತೇವಲ್ಲ, ಅಲ್ಲಿ ಚಿತ್ರ ಗೆದ್ದಿದೆ.

5. ಕಾಲು, ಕುರ್ಚಿ, ಕೂದಲು

ಉಡುಪು ಆಯುಧಗಳನ್ನು ಪರೀಕ್ಷಿಸಲು ಪಂಡಿತರಾಗಬೇಕಿಲ್ಲ. ಐದಾರು ಗುರುತು ಸಾಕು.

ಸವಾರನ ಕಾಲು ನೋಡಿ. ಸವಾರ ಕಾಲಿಡುವ ರಿಕಾಪು, ಅಂದರೆ ಹಳೆಯವರ ಅಂಕವಣೆ, ಚೀನಾದಲ್ಲಿ ಮೊದಲು ಕಾಣುವುದು ಹುನಾನ್‌ನ ಚಾಂಗ್‌ಶಾದಲ್ಲಿ ಸಿಕ್ಕ ಕ್ರಿ.ಶ. 302ರ ಮಣ್ಣಿನ ಕುದುರೆಗಳ ಮೇಲೆ, ಅದೂ ಹತ್ತಲು ನೆರವಾಗುವ ಒಂಟಿ ರಿಕಾಪು. ಜೋಡಿ ರಿಕಾಪು ಅದರ ನಂತರದ್ದು. 208ರ ಕಥೆಯಲ್ಲಿ ಸವಾರ ಎರಡೂ ಕಾಲೂರಿ ನಿಂತು ಈಟಿ ಬೀಸಿದರೆ ಇತಿಹಾಸದ ಲೆಕ್ಕದಲ್ಲಿ ತಪ್ಪು. ಆದರೆ ಅದಿಲ್ಲದೆ ಸವಾರಿ ಮಾಡಿಸಿದರೆ ಕಲಾವಿದರ ಸೊಂಟ ಉಳಿಯದು. ತಿಳಿದೇ ಮಾಡಿದ ಈ ತಪ್ಪಿಗೆ ಅಂಕ ಕಳೆಯಬೇಡಿ.

ಗುವಾನ್ ಯು ಕೈಯ ಅರ್ಧಚಂದ್ರದ ಅಲಗಿನ ಉದ್ದ ಕತ್ತಿ ಅವನ ಕಾಲಕ್ಕೆ ಎಷ್ಟೋ ಶತಮಾನ ಆಚೆಯ ಸೊಂಗ್ ಕಾಲದ್ದು (10ರಿಂದ 13ನೇ ಶತಮಾನ). ಅವನು ಶತ್ರುವನ್ನು ‘ಚುಚ್ಚಿ’ ಕೊಂದ ಎಂದೇ ಚೆನ್ ಶೌ ಬರೆದಿರುವುದು. ಆದರೂ ಆ ಕತ್ತಿಯಿಲ್ಲದೆ ಚೀನೀ ಪ್ರೇಕ್ಷಕ ಅವನನ್ನು ಗುವಾನ್ ಯು ಎಂದು ಒಪ್ಪಲಾರ. ಗದೆ ಹಿಡಿಯದ ಭೀಮನನ್ನು ನಾವೂ ಒಪ್ಪುವುದಿಲ್ಲ.

ಕುರ್ಚಿ ಬಂದರೆ ಹುಬ್ಬೇರಿಸಿ: ಆ ಕಾಲದಲ್ಲಿ ಕೂರುತ್ತಿದ್ದುದು ಚಾಪೆಯ ಮೇಲೆ, ಎತ್ತರದ ಕುರ್ಚಿ ರೂಢಿಗೆ ಬಂದದ್ದು ತಾಂಗ್ (7ರಿಂದ 10ನೇ ಶತಮಾನ) ಮತ್ತು ಸೊಂಗ್ ಕಾಲದಲ್ಲಿ. ಸಿಡಿಮದ್ದಿನ ಪುಡಿಯ ಪಾಕ ಬರಹದಲ್ಲಿ ಸಿಗುವುದು 1044ರ ಸೇನಾಗ್ರಂಥದಲ್ಲಿ. ಅದಕ್ಕೂ ಮುಂಚಿನ ಕಥೆಯಲ್ಲಿ ಎಣ್ಣೆ ಉರಿಯಬಹುದು, ಆದರೆ ಹಡಗು ಬಾಂಬು ಬಿದ್ದಂತೆ ಛಿದ್ರವಾಗುವುದು ಹೇಗೆ? ಚೀನೀ ಯುದ್ಧಚಿತ್ರಗಳಲ್ಲಿ ಪದೇ ಪದೇ ಕಾಣುವ ಸೋಮಾರಿತನ ಇದು, ‘ರೆಡ್ ಕ್ಲಿಫ್’ ಕೂಡ ಹೊರತಲ್ಲ. ಚಿನ್ ರಾಜನ ಕಾಲದ ಕಥೆಯಲ್ಲಿ ಕಾಗದ ಕಂಡರೂ ಹೀಗೇ: ಕಾಯ್ ಲುನ್ ಕಾಗದವನ್ನು ಹದಕ್ಕೆ ತಂದದ್ದು ಕ್ರಿ.ಶ. 105ರಲ್ಲಿ, ಅದಕ್ಕೂ ಮೊದಲು ಬಿದಿರು ಪಟ್ಟಿಗಳ ಸುರುಳಿ.

ಕೂದಲಿನ ಗುರುತು ಮಾಂಚು ಮನೆತನ ಆಳಿದ ಚಿಂಗ್ ಕಾಲಕ್ಕೆ. ಮುಂದಲೆ ಬೋಳಿಸಿ ಜಡೆ ಬಿಡಬೇಕೆಂಬ ಆಜ್ಞೆ 1645ರದು. 1850ರಿಂದ 1864ರವರೆಗೆ ಚಿಂಗ್ ದೊರೆಗಳ ವಿರುದ್ಧ ನಡೆದ ತಾಯ್‌ಪಿಂಗ್ ದಂಗೆಯವರು ಅದನ್ನು ಧಿಕ್ಕರಿಸಿ ಕೂದಲು ಬಿಟ್ಟರು, ಅದಕ್ಕೇ ‘ಉದ್ದ ಕೂದಲಿನವರು’ ಎನಿಸಿಕೊಂಡರು. ಆ ಕಾಲದ ಚಿತ್ರದಲ್ಲಿ ತಲೆ ನೋಡಿದರೆ ಪಕ್ಷ ತಿಳಿಯಬೇಕು.

ಕವಚ ಅಸಲಿಯಂತಿದೆಯೇ ಎಂದು ನೋಡಲು ಒಂದು ಕಿವಿಮಾತು. ಶಿಯಾನ್ ಹತ್ತಿರ 1974ರಲ್ಲಿ ಬೆಳಕಿಗೆ ಬಂದ ಮಣ್ಣಿನ ಸೈನಿಕರ ಮೈಮೇಲೆ ಸಣ್ಣ ಸಣ್ಣ ತಗಡುಗಳನ್ನು ಹೆಣೆದ ಕವಚದ ಅಚ್ಚಿದೆ. ಅಂಥದ್ದು ತೊಟ್ಟವನು ಬಾಗಿದಾಗ ತಗಡುಗಳು ಒಂದರ ಮೇಲೊಂದು ಜಾರಬೇಕು, ಸದ್ದು ಮಾಡಬೇಕು. ಇಡೀ ಎದೆಗವಚ ಚಪ್ಪಲಿಯ ಅಟ್ಟೆಯಂತೆ ಬಳುಕಿದರೆ ಅದು ರಬ್ಬರು. ಮೂರು ತಿಂಗಳು ನಡೆದು ಬಂದ ದಂಡಿನ ಬಟ್ಟೆಯಂಚಿನಲ್ಲಿ ಕೆಸರಿಲ್ಲದಿದ್ದರೆ ನಿನ್ನೆ ದರ್ಜಿ ಅಂಗಡಿಯಿಂದ ಹೊರಟವರು ಎಂದೇ ತಿಳಿಯಿರಿ.

ಅರಮನೆಯ ಅಂಗಳ ಎಲ್ಲೋ ನೋಡಿದಂತಿದೆ ಅನ್ನಿಸಿದರೆ ಅನುಮಾನ ಸರಿಯಿರಬಹುದು. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ದಿಯಾನ್‌ನಲ್ಲಿ ಕಾಯಂ ಸೆಟ್ಟುಗಳ ಊರೇ ಇದೆ. ನಿರ್ದೇಶಕ ಚೆನ್ ಕೈಗೆ ಅವರ ಚಿತ್ರಕ್ಕೆಂದು 1997ರಲ್ಲಿ ಅಲ್ಲಿ ಕಟ್ಟಿದ ಚಿನ್ ಅರಮನೆಯಲ್ಲೇ ‘ಹೀರೋ’ ಕೂಡ ನಡೆಯಿತು.

6. ಗುಂಪು ಮತ್ತು ಸದ್ದು

ಬೇಗ ಮುಗಿಸುವ ವಿಷಯ. ಮುಂದಿನ ಎರಡು ಮೂರು ಸಾಲು ಅಸಲಿ ಜನ, ಹಿಂದಿನವರು ಗ್ರಾಫಿಕ್ಸ್. ಹಿಂದಿನ ಸಾಲಿನವರ ಹೆಜ್ಜೆಗೆ ಧೂಳೇಳುತ್ತಿದೆಯೇ, ನೆರಳು ಮುಂದಿನವರ ನೆರಳಿನ ದಿಕ್ಕಿಗೇ ಇದೆಯೇ, ಕುದುರೆ ಬಿದ್ದಾಗ ಭಾರ ಕಾಣುತ್ತದೆಯೇ ಎಂದಷ್ಟೇ ನೋಡಿ. ಸದ್ದಿನಲ್ಲಿ ನಗಾರಿ ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. ಅಂದಹಾಗೆ, ಹೆ ಪಿಂಗ್ ನಿರ್ದೇಶಿಸಿದ 2003ರ ‘ವಾರಿಯರ್ಸ್ ಆಫ್ ಹೆವನ್ ಅಂಡ್ ಅರ್ತ್’ ಚಿತ್ರಕ್ಕೆ ಸಂಗೀತ ನಮ್ಮ ಎ.ಆರ್. ರೆಹಮಾನ್ ಅವರದು. ಮರುಭೂಮಿಯ ತಾಂಗ್ ಕಾಲದ ಕಥೆ, ಕಿವಿಗೊಟ್ಟು ನೋಡುವಂಥದ್ದು.

7. ಬೆಲೆ ತೆತ್ತವರು ಯಾರು

ಇದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಝಾಂಗ್ ಯಿಮೌ ಅವರ 2006ರ ‘ಕರ್ಸ್ ಆಫ್ ದ ಗೋಲ್ಡನ್ ಫ್ಲವರ್’ ಚಿನ್ನದ ಬಣ್ಣ ಸುರಿದ ಚಿತ್ರ, ಬಹಳಷ್ಟು ಹೊತ್ತು ಹೊಟ್ಟೆಗೆ ಹಿಟ್ಟಿಲ್ಲದ ಜುಟ್ಟಿನ ಮಲ್ಲಿಗೆ. ಆದರೆ ಒಂದು ದೃಶ್ಯ ಮರೆಯುವಂಥದ್ದಲ್ಲ. ಅರಮನೆಯ ಅಂಗಳದಲ್ಲಿ ಬಂಡಾಯದ ದಂಡು ಪೂರ್ತಿ ಹತವಾಗಿದೆ, ಹಾಸಿದ್ದ ಸೇವಂತಿಗೆ ತುಳಿದು ರಕ್ತವಾಗಿದೆ. ಆಳುಗಳು ಸಾಲುಸಾಲಾಗಿ ಬರುತ್ತಾರೆ. ಹೆಣ ಎಳೆಯುತ್ತಾರೆ, ನೀರು ಹೊಯ್ದು ಉಜ್ಜುತ್ತಾರೆ, ಹಳದಿ ಜಮಖಾನ ಬಿಚ್ಚುತ್ತಾರೆ, ಹೊಸ ಹೂಕುಂಡ ಜೋಡಿಸುತ್ತಾರೆ. ಹಬ್ಬ ಹೇಳಿದ ಹೊತ್ತಿಗೆ ಶುರುವಾಗುತ್ತದೆ. ಅಲ್ಲಿ ಸುರಿದ ದುಡ್ಡೇ ಅರ್ಥವಾಗಿದೆ, ಯಾಕೆಂದರೆ ಸತ್ತವರನ್ನು ಅಳಿಸಿಹಾಕಲು ಅಷ್ಟು ವೈಭವ ಬೇಕಿತ್ತು.

ಪೀಟರ್ ಚಾನ್ ಅವರ 2007ರ ‘ದ ವಾರ್‌ಲಾರ್ಡ್ಸ್’ ಇದಕ್ಕೆ ತದ್ವಿರುದ್ಧ, ಕೆಸರಿನ ಬಣ್ಣದ ಚಿತ್ರ. ತಾಯ್‌ಪಿಂಗ್ ದಂಗೆಯ ಕಾಲ. ಹಿನ್ನೆಲೆಗೆ 1870ರಲ್ಲಿ ನಡೆದ ಮಾ ಶಿನ್‌ಯಿ ಎಂಬ ಅಧಿಕಾರಿಯ ಕೊಲೆ ಇದೆ. ಸುಝೌ ನಗರದ ಮುತ್ತಿಗೆಯಲ್ಲಿ ಒಳಗಿರುವವರಿಗೂ ಹಸಿವು, ಹೊರಗಿರುವವರಿಗೂ ಹಸಿವು. ನಗರ ಶರಣಾಗುತ್ತದೆ. ಶರಣಾದವರಿಗೆ ಹಾಕಲು ಅನ್ನವಿಲ್ಲ. ಮುಂದೆ ಆಗುವ ಹತ್ಯೆಗೆ ಕ್ರೌರ್ಯಕ್ಕಿಂತ ಅಕ್ಕಿಯ ಲೆಕ್ಕ ಕಾರಣ, ಅದಕ್ಕೇ ಅದು ಹೊಟ್ಟೆ ಕಿವುಚುತ್ತದೆ. ಯಾವುದೇ ಯುದ್ಧಚಿತ್ರದಲ್ಲಿ ಇಷ್ಟು ಕೇಳಿ: ಈ ದಂಡು ಏನು ಉಣ್ಣುತ್ತಿದೆ? ಎಲ್ಲೂ ಒಲೆ ಕಾಣದ ಚಿತ್ರವನ್ನು ನಂಬಬೇಡಿ.

8. ಶತ್ರುವಿಗೆ ಒಂದು ಒಳ್ಳೆಯ ದೃಶ್ಯ

ಚೀನಾದಲ್ಲಿ ಚಿತ್ರ ತೆರೆಕಾಣಲು ಸರ್ಕಾರದ ಪರವಾನಗಿ ಬೇಕು, ಮೊದಲಿಗೆ ಪರದೆಯ ಮೇಲೆ ಬರುವ ಡ್ರ್ಯಾಗನ್ ಮುದ್ರೆ ಅದರ ಗುರುತು. 2018ರಿಂದ ಸಿನಿಮಾ ಖಾತೆ ಪಕ್ಷದ ಪ್ರಚಾರ ವಿಭಾಗದ ಕೈಯಲ್ಲಿದೆ. ಹಳೆಯ ರಾಜರ ಕಥೆಯಲ್ಲೂ ‘ನಾಡು ಒಂದಾಗಿರಬೇಕು’ ಎಂಬ ಮಾತು ಮತ್ತೆ ಮತ್ತೆ ಬರುವುದನ್ನು ಗುರುತಿಸಿ. ‘ಹೀರೋ’ ಬಂದಾಗಿನಿಂದ ಅದರ ಮೇಲಿನ ಜಗಳ ಮುಗಿದಿಲ್ಲ: ಅದು ತ್ಯಾಗದ ಕಥೆಯೇ, ದೊರೆತನದ ಸಮರ್ಥನೆಯೇ?

ಅಳೆಯಲು ಒಂದು ಸರಳ ಕೋಲು ಇದೆ. ಶತ್ರುವಿಗೆ ಮನುಷ್ಯನಾಗಿ ಕಾಣುವ ಒಂದಾದರೂ ದೃಶ್ಯ ಸಿಕ್ಕಿದೆಯೇ? ಚೀನೀ ರಂಗಭೂಮಿಯಲ್ಲಿ ಚಾವ್ ಚಾವ್‌ಗೆ ಬಿಳಿ ಮುಖವರ್ಣ, ಅಂದರೆ ಕಪಟಿ. ಗುವಾನ್ ಯುಗೆ ಕೆಂಪು, ಅಂದರೆ ನಿಷ್ಠಾವಂತ. ‘ರೆಡ್ ಕ್ಲಿಫ್’ನಲ್ಲಿ ಝಾಂಗ್ ಫೆಂಗ್‌ಯಿ ಮಾಡಿದ ಚಾವ್ ಚಾವ್ ರೋಗಿ ಸೈನಿಕರ ನಡುವೆ ನಡೆದು ಮಾತಾಡಿಸುತ್ತಾನೆ, ಕಾಳಗಕ್ಕೆ ಮುನ್ನ ತಾನೇ ಕಟ್ಟಿದ ಕವಿತೆ ಹಾಡುತ್ತಾನೆ. ಆ ಕವಿತೆ ನಿಜವಾಗಿಯೂ ಅವನದೇ, ಇಂದಿಗೂ ಉಳಿದಿದೆ. ಅದೇ ಮನುಷ್ಯ ರೋಗದಿಂದ ಸತ್ತವರ ಹೆಣಗಳನ್ನು ತೇಲಿಬಿಟ್ಟು ಎದುರು ದಡಕ್ಕೆ ರೋಗ ಹಬ್ಬಿಸುತ್ತಾನೆ. ಎರಡೂ ಒಬ್ಬನೊಳಗೇ ಇರುವುದರಿಂದ ಭಯವಾಗುತ್ತದೆ.

9. ಅಂಕಪಟ್ಟಿ

ನೂರಕ್ಕೆ ಹೀಗೆ ಹಂಚಿ: ಕಾಳಗದ ಜಾಗ ಸ್ಪಷ್ಟವಾಗಿ ತಿಳಿಯುವುದಕ್ಕೆ 25, ಸೇನಾಪತಿಗಳ ನಿರ್ಧಾರಕ್ಕೆ ಕಾರಣ ಕಾಣುವುದಕ್ಕೆ 20, ಬೆಲೆಗೆ 20, ಶತ್ರುವಿನ ಚಿತ್ರಣಕ್ಕೆ 15, ಉಡುಪು ಆಯುಧಕ್ಕೆ 10, ಗುಂಪು ಗ್ರಾಫಿಕ್ಸ್‌ಗೆ 5, ಸದ್ದಿಗೆ 5. ಗ್ರಾಫಿಕ್ಸ್‌ಗೆ ಐದೇ ಯಾಕೆಂದು ಕೇಳಿದರೆ, ಅದಕ್ಕೆ ಹೆಚ್ಚು ಕೊಟ್ಟರೆ ಹೆಚ್ಚು ಖರ್ಚು ಮಾಡಿದವನೇ ಪ್ರತಿ ಸಲ ಗೆಲ್ಲುತ್ತಾನೆ.

ಎರಡು ಭಾಗದ ‘ರೆಡ್ ಕ್ಲಿಫ್’ಗೆ ನಾವು ಕೊಡುವುದು ಕ್ರಮವಾಗಿ 22, 17, 14, 13, 6, 3, 4; ಒಟ್ಟು 79. ಕತ್ತರಿ ಬಿದ್ದ 148 ನಿಮಿಷದ ಪ್ರತಿಗೆ ಬೇರೆಲ್ಲ ಹೆಚ್ಚುಕಡಿಮೆ ಹಾಗೇ ಇಟ್ಟರೂ ಬೆಲೆಯ ಅಂಕ 14ರಿಂದ 8ಕ್ಕೆ ಇಳಿಸಬೇಕಾಗುತ್ತದೆ. ಶತ್ರುವಿನ ಬೀಡಿನಲ್ಲಿ ಕಾಲ್ಚೆಂಡಾಡುವ ಒಬ್ಬ ಮುಗ್ಧ ಹುಡುಗನಿದ್ದಾನೆ. ಗಂಡುವೇಷದ ಸುನ್ ಶಾಂಗ್‌ಶಿಯಾಂಗ್‌ಳನ್ನು ಗೆಳೆಯನೆಂದೇ ನಂಬಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಕೊನೆಯ ಕಾಳಗದಲ್ಲಿ ಅವಳ ಕಣ್ಣೆದುರೇ ಬಾಣ ತಿಂದು ಬೀಳುತ್ತಾನೆ. ಉದ್ದದ ಪ್ರತಿ ನೋಡಿದವರಿಗೆ ಆ ಹೊತ್ತಿಗೆ ಗೆಲುವು ಬೇಡವೆನಿಸುತ್ತದೆ. ಕತ್ತರಿಸಿದ್ದನ್ನು ನೋಡಿದವರು ಇವನು ಯಾರಪ್ಪ ಎಂದು ಪಕ್ಕದವರನ್ನು ಕೇಳುತ್ತಾರೆ.